ಬಾಯೊಳಗಿನ ನೀರು

ಗದಿಗಯ್ಯ ತನ್ನ ಗುರುವನ್ನು ಕೆಸರಿಗೆ ನೂಕಿದ್ದು ಬೆಳಗ್ಗೆ. ಅದೇ ದಿನ ಮಧ್ಯಾಹ್ನ ಅವನು ಊರಿಗೆ ನ್ಯಾಯ ಹೇಳಲು ಕೂತ.

ನೂಕಿದ್ದಕ್ಕೆ ಕಾರಣವಿತ್ತು. ಗುರುಗಳು ಹೊಳೆಯಲ್ಲಿ ಮಿಂದು ಮೆಟ್ಟಿಲು ಹತ್ತುತ್ತಿದ್ದರು. ಆ ಸೀಮೆಯ ಜನರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುವುದು. ಊರ ಗೂಳಿ ತಲೆ ತಗ್ಗಿಸಿಕೊಂಡು ನೇರವಾಗಿ ಅವರ ಕಡೆಗೇ ಓಡಿಬಂತು. ಗದಿಗಯ್ಯ ಹಿಂದೆಮುಂದೆ ನೋಡಲಿಲ್ಲ. ಎರಡೂ ಕೈಯಿಂದ ಅಜ್ಜಾರನ್ನು ಪಕ್ಕಕ್ಕೆ ದೂಡಿದ.

ಅಜ್ಜಾರು ಕೆಸರಿನಲ್ಲಿ ಕೂತರು. ಮೊಣಕಾಲು ತರಚಿತು.

ಗೂಳಿ ನಿಂತಿತು. ಅಜ್ಜಾರ ಕೈಯಿಂದ ಬಿದ್ದ ಬೆಲ್ಲದ ಚೂರನ್ನು ಹುಡುಕಿ ತಿಂದಿತು. ಮೂತಿ ನೆಕ್ಕಿಕೊಂಡು ಬಂದ ದಾರಿಯಲ್ಲೇ ಹೋಯಿತು.

"ದಿನಾ ಬರತೈತಿ," ಎಂದರು ಅಜ್ಜಾರು, ಏಳುತ್ತ.

ಗದಿಗಯ್ಯ ಅವರ ಜೊತೆ ಹೊಳೆಗೆ ಬಂದದ್ದು ಅದೇ ಮೊದಲು. ದಿನಾ ಆ ಹೊತ್ತಿಗೆ ಅವನು ಮಠದ ಒಲೆಯ ಮುಂದೆ ಇರುತ್ತಿದ್ದ. ಅವನ ಮುಖ ಸಣ್ಣದಾಯಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಕ್ಷಮೆ ಕೇಳೋಣವೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಾರು ಇನ್ನೊಮ್ಮೆ ಮೀಯಲು ನೀರಿಗಿಳಿದಿದ್ದರು.

ಮಠಕ್ಕೆ ಬಂದ ಮೇಲೆ ಅವರು ಹೇಳಿದ್ದು ಇಷ್ಟೇ.

"ಮೊಣಕಾಲು ಹಿಡದೈತಿ. ಇವತ್ತು ಕಟ್ಟಿ ಮ್ಯಾಲ ನೀನ ಕೂಡು."

ಗದಿಗಯ್ಯನಿಗೆ ಹಿಗ್ಗಾಯಿತು. ಅದನ್ನು ಮುಚ್ಚಿಡಲು ಹೋಗಿ ಇನ್ನಷ್ಟು ತೋರಿಸಿಕೊಂಡ.

ಮಠದ ಮುಂದೆ ಒಂದು ಕಟ್ಟೆ, ಕಟ್ಟೆಯ ಪಕ್ಕದಲ್ಲಿ ಒಂದು ಎಳೆಯ ಬೇವು. ಊರಿನ ವ್ಯಾಜ್ಯಗಳೆಲ್ಲ ತೀರುವುದು ಅಲ್ಲಿ. ಅಲ್ಲಿಯ ಪದ್ಧತಿ ಹೀಗೆ: ದೂರು ತಂದವನು ಮಾತಾಡುವಷ್ಟು ಹೊತ್ತು, ದೂರು ಹೊತ್ತವನು ಬಾಯಿ ತುಂಬ ಹೊಳೆಯ ನೀರು ಹಿಡಿದು ನಿಲ್ಲಬೇಕು. ನಡುವೆ ಬಾಯಿ ಹಾಕಬಾರದಲ್ಲ, ಅದಕ್ಕೆ. ಅವನ ಮಾತು ಮುಗಿದ ಮೇಲೆ ಇವನು ಆ ನೀರನ್ನು ಬೇವಿನ ಬುಡಕ್ಕೆ ಉಗುಳಿ ತನ್ನ ಮಾತು ಶುರುಮಾಡಬೇಕು. ಆ ಗಿಡಕ್ಕೆ ಬೇರೆ ಯಾರೂ ನೀರು ಹಾಕುವಂತಿಲ್ಲ. ಜಗಳಕ್ಕೆ ಬರವಿಲ್ಲದ ಊರು. ಗಿಡ ಚೆನ್ನಾಗಿಯೇ ಬೆಳೆದಿತ್ತು.

ಅಂದು ದೂರು ತಂದವನು ಫಕೀರಗೌಡ. ಅವನ ಬಲಗೈಗೆ ಬಿದಿರಿನ ದಬ್ಬೆ ಕಟ್ಟಿತ್ತು. ದೂರು ಹೊತ್ತವನು ಅಂಬಿಗರ ಹುಲಿಗೆಪ್ಪ. ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುವುದು ಅವನ ಕಸುಬು. ಹರಿಗೋಲು ನಡೆಸುವ ಹುಟ್ಟನ್ನು ಕೈಯಲ್ಲಿ ಹಿಡಿದೇ ಬಂದಿದ್ದ. ಚೆಂಬು ತೆಗೆದುಕೊಂಡು ಬಾಯಿಗೆ ನೀರು ತುಂಬಿಕೊಂಡ.

"ಹೊಳ್ಯಾಗ ಈಜತಿದ್ನಿ," ಎಂದ ಫಕೀರಗೌಡ. "ಇಂವ ಹಿಂದಿಂದ ಬಂದು ಹುಟ್ಟಿಲೆ ಬಡದ. ಎಲುಬು ಮುರದೈತಿ. ನಾ ಇವಗ ಏನೂ ಅಂದಿಲ್ಲ, ಏನೂ ಮಾಡಿಲ್ಲ."

"ನೋಡಿದವರು ಅದಾರೇನು?" ಎಂದು ಕೇಳಿದ ಗದಿಗಯ್ಯ.

ದಂಡೆಯಲ್ಲಿದ್ದವರು ಕೈ ಎತ್ತಿದರು.

"ಹುಲಿಗೆಪ್ಪ, ನೀ ಹೊಡದದ್ದು ಹೌದೇನು? ಹೌದಂದ್ರ ಗೋಣು ಹಾಕು."

ಹುಲಿಗೆಪ್ಪನ ಕೆನ್ನೆಗಳು ಉಬ್ಬಿದ್ದವು. ಅವನು ಗೋಣು ಹಾಕಿದ. ಆಮೇಲೆ ಕೈಯೆತ್ತಿ ಹೊಳೆಯ ಕಡೆ ತೋರಿಸಿದ.

"ಹೊಳಿ ಎಲ್ಲೈತಿ ಅನ್ನೋದು ನನಗ ಗೊತ್ತೈತಿ," ಎಂದ ಗದಿಗಯ್ಯ. "ಕೈ ಇಳಸು."

ಜನ ನಕ್ಕರು. ತನ್ನ ಮಾತಿಗೆ ಜನ ನಕ್ಕದ್ದು ಗದಿಗಯ್ಯನಿಗೆ ಹಿತವಾಯಿತು. ತೀರ್ಪನ್ನು ಅವನೇನೂ ಹೊಸದಾಗಿ ಹುಡುಕಬೇಕಿರಲಿಲ್ಲ. ಮನುಷ್ಯನ ಮೇಲೆ ಹುಟ್ಟು ಎತ್ತಿದ ಅಂಬಿಗ ಮತ್ತೆ ಹೊಳೆಗೆ ಹರಿಗೋಲು ಇಳಿಸುವಂತಿಲ್ಲ. ಅವನ ಹುಟ್ಟು ಮಠದ ಗೋಡೆಗೆ ಸೇರಬೇಕು. ಅದನ್ನೇ ಹೇಳಿದ.

ಹುಲಿಗೆಪ್ಪನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಹುಟ್ಟನ್ನು ಕಟ್ಟೆಯ ಮೇಲಿಟ್ಟು ನಡೆದುಬಿಟ್ಟ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಬೆಳಗಾದರೆ ಹೆಂಡತಿಯನ್ನು ಕರೆದುಕೊಂಡು ಊರು ಬಿಡುತ್ತಾನೆ ಎಂದು ಜನ ಮಾತಾಡಿಕೊಂಡರು.

ಸಂಜೆ ಅಜ್ಜಾರು ಕುಂಟುತ್ತ ಹೊರಗೆ ಬಂದರು. ಬೇವಿನ ಬುಡದಲ್ಲಿ ಕೂತು ಮಣ್ಣು ಮುಟ್ಟಿ ನೋಡಿದರು.

"ಗದಿಗಯ್ಯಾ, ಇವತ್ತು ನ್ಯಾಯ ಆಗಲಿಲ್ಲೇನು?"

"ಆತಲ್ಲರಿ ಅಜ್ಜಾರ. ಊಟದ ಹೊತ್ತಿಗೆ ಮುಗಿಸೇಬಿಟ್ಟೆ."

ಅಜ್ಜಾರು ಒಂದು ಹಿಡಿ ಮಣ್ಣು ತೆಗೆದು ಅವನ ಅಂಗೈಗೆ ಹಾಕಿದರು. ಒಣಗಿ ಪುಡಿಪುಡಿಯಾಗಿತ್ತು.

"ನೀರು ಎಲ್ಲಿ ಹೋತು?"

ಗದಿಗಯ್ಯ ಮಣ್ಣನ್ನೇ ನೋಡಿದ. ಹುಲಿಗೆಪ್ಪನ ಗಂಟಲು ಆಡಿದ್ದು ನೆನಪಾಯಿತು.

"ಅಂವ ನುಂಗಿದ ಅಂತ ಕಾಣತೈತ್ರಿ."

"ಯಾಕ ನುಂಗಿದ?"

"ಹೇಳಾಕ ಏನಿತ್ರಿ ಅವಗ? ಹೊಡದೀನಿ ಅಂತ ತಾನ ಒಪ್ಪಿದ. ಮುರದ ಕೈ ಎದುರಿಗೇ ಇತ್ತು. ನೋಡಿದವರೂ ಇದ್ರು."

"ಇತ್ತಪಾ, ಎಲ್ಲಾ ಇತ್ತು," ಎಂದರು ಅಜ್ಜಾರು. "ಮುಂಜಾನಿಂದ ಸಂಜೀತನ ನನ್ನ ಜೀವ ತಿಂತೀ. ಇರುವಿ ಯಾಕ ಸಾಲಾಗಿ ಹೋಗತಾವು ಅಂತ ಕೇಳತೀ. ಗುಬ್ಬಿಗೆ ನಿದ್ದಿ ಬರತೈತೇನು ಅಂತ ಕೇಳತೀ. ಕಟ್ಟಿ ಮ್ಯಾಲ ಕೂತಾಗ ಮಾತ್ರ ಹೊಡದ್ಯಾ ಇಲ್ಲಾ ಅಂತ ಕೇಳಿ ಎದ್ದು ಬಂದಿ?"

"ಅದರಾಗ ಎಲ್ಲಾ ಬಂತಲ್ಲರಿ."

ಅಜ್ಜಾರು ಮೊಣಕಾಲು ಹಿಡಿದುಕೊಂಡು ಎದ್ದರು.

"ನಾಳೆ ಮುಂಜಾನೆ ಕಟ್ಟಿಗೆ ಬಂದು ಹೋಗು ಅಂತ ಹುಲಿಗೆಪ್ಪಗ ಹೇಳು. ಫಕೀರಗೌಡನೂ ಬರಲಿ, ದಂಡಿ ಮಂದಿನೂ ಬರಲಿ. ನಂದೊಂದು ದೂರೈತಿ."

"ನಿಮ್ಮದ? ಯಾರ ಮ್ಯಾಲ ರೀ?"

ಅಜ್ಜಾರು ಎಣ್ಣೆಯ ಬಟ್ಟಲು ಹುಡುಕುತ್ತ ಒಳಗೆ ಹೋದರು.

ಬೆಳಗ್ಗೆ ಕಟ್ಟೆಯ ಸುತ್ತ ಜನ ಸೇರಿತ್ತು. ಅಜ್ಜಾರ ಮೇಲೆ ಯಾರಾದರೂ ದೂರು ತಂದಿದ್ದರೂ ಅಷ್ಟು ಜನ ಬರುತ್ತಿರಲಿಲ್ಲವೇನೋ. ಹುಲಿಗೆಪ್ಪ ಹಿಂದೆ ನಿಂತಿದ್ದ. ಅವನ ಹೆಂಡತಿಯ ತಲೆಯ ಮೇಲೆ ಗಂಟು ಇತ್ತು.

ಅಜ್ಜಾರು ಚೆಂಬನ್ನು ಗದಿಗಯ್ಯನ ಮುಂದೆ ಹಿಡಿದರು.

"ಬಾಯಿ ತುಂಬ ತಗೋ."

"ನಾನ?"

"ನೀನ."

ಗದಿಗಯ್ಯ ನೀರು ತುಂಬಿಕೊಂಡ. ಅಜ್ಜಾರು ಜನರ ಕಡೆ ತಿರುಗಿದರು.

"ಈ ಗದಿಗಯ್ಯ ನಿನ್ನೆ ಹೊಳಿ ಮೆಟ್ಟಲದಾಗ ನನ್ನ ನೂಕ್ಯಾನ. ಎರಡೂ ಕೈಲೆ ನೂಕ್ಯಾನ. ನಾ ಕೆಸರಾಗ ಬಿದ್ದೀನಿ. ಗಾಯ ಇಲ್ಲೈತಿ, ನೋಡ್ರಿ. ನಾ ಇವಗ ಏನೂ ಅಂದಿಲ್ಲ, ಏನೂ ಮಾಡಿಲ್ಲ. ನೋಡಿದವರು ಅದಾರೇನು?"

ಬಟ್ಟೆ ಒಗೆಯುವ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. "ನೋಡೀವ್ರಿ," ಎಂದಳು ಒಬ್ಬಳು, ಮೆಲ್ಲಗೆ.

"ಗದಿಗಯ್ಯಾ, ನೂಕಿದ್ದು ಹೌದೇನು? ಹೌದಂದ್ರ ಗೋಣು ಹಾಕು."

ನೂಕಿದ್ದು ಹೌದು. ಇಲ್ಲ ಎನ್ನಲು ಬರುವುದಿಲ್ಲ. ಆದರೆ ಹೌದು ಎನ್ನುವುದರೊಳಗೆ ಗೂಳಿ ಇರಲಿಲ್ಲ, ಅದರ ಕೊಂಬು ಇರಲಿಲ್ಲ, ಅಜ್ಜಾರು ಸತ್ತೇಹೋದರು ಎಂದು ಎದ್ದ ಭಯ ಇರಲಿಲ್ಲ. ಅದೆಲ್ಲ ನೀರಿನ ಹಿಂದೆ ನಿಂತಿತ್ತು.

ಅವನು ಗೋಣು ಹಾಕಿದ.

"ಗುರುವಿಗೆ ಕೈ ಮಾಡಿದವಗ ಮಠದಾಗ ಏನು ಕೆಲಸ?" ಎಂದಳು ಒಬ್ಬ ಮುದುಕಿ. ಹೌದೌದು ಎಂದು ನಾಲ್ಕಾರು ದನಿಗಳು ಸೇರಿದವು.

ಗದಿಗಯ್ಯನ ಕೈ ತಾನಾಗಿಯೇ ಎದ್ದಿತು. ಹೊಳೆಯ ಕಡೆ ತೋರಿಸಿತು.

"ಹೊಳಿ ಎಲ್ಲೈತಿ ಅನ್ನೋದು ನನಗ ಗೊತ್ತೈತಿ," ಎಂದರು ಅಜ್ಜಾರು. "ಕೈ ಇಳಸು."

ಈ ಸಲ ಯಾರೂ ನಗಲಿಲ್ಲ.

ಗದಿಗಯ್ಯನಿಗೆ ಚಿಕ್ಕಂದಿನಿಂದ ಮಠವೇ ಮನೆ. ಅವನ ಕಣ್ಣು ತುಂಬಿಬಂತು. ಬಾಯಲ್ಲಿದ್ದ ನೀರು ಬೆಚ್ಚಗಾಗಿತ್ತು. ಇನ್ನು ಹಿಡಿದು ಏನು ಮಾಡುವುದು ಅನ್ನಿಸಿತು. ಗಂಟಲು ತೆರೆಯಿತು.

"ನುಂಗಬ್ಯಾಡ್ರಿ ಅಯ್ಯನಾರ."

ಹೇಳಿದವನು ಹುಲಿಗೆಪ್ಪ. ಜನ ಅಜ್ಜಾರನ್ನು ನೋಡುತ್ತಿದ್ದರೆ ಅವನೊಬ್ಬ ಗದಿಗಯ್ಯನ ಕೆನ್ನೆಗಳನ್ನೇ ನೋಡುತ್ತಿದ್ದ.

ಅಜ್ಜಾರು ಬೇವಿನ ಕಡೆ ಕೈ ತೋರಿಸಿದರು. "ಉಗುಳು."

ಗದಿಗಯ್ಯ ಬುಡಕ್ಕೆ ನೀರು ಉಗುಳಿದ. ಕೆಮ್ಮಿದ. ಆಮೇಲೆ ಮಾತು ಒಂದರ ಮೇಲೊಂದು ಬಿದ್ದು ಬಂತು.

"ಗೂಳಿ ಬಂತ್ರಿ. ತಲಿ ತಗ್ಗಿಸಿಕೊಂಡು ಅಜ್ಜಾರ ಮ್ಯಾಲ ಬಂತು. ಹಾಯತೈತಿ ಅಂತ ತಿಳಕೊಂಡೆ. ಅದಕ್ಕ ನೂಕಿದೆ."

ಫಕೀರಗೌಡ ನಕ್ಕ. "ಆ ಗೂಳಿ ಬೆಲ್ಲಕ್ಕ ಬರತೈತಿ ಅಯ್ಯನಾರ. ಅದು ಊರಿಗೇ ಗೊತ್ತೈತಿ."

"ನನಗ ಗೊತ್ತಿರಲಿಲ್ಲ," ಎಂದ ಗದಿಗಯ್ಯ. "ನನಗ ಕಂಡಿದ್ದು ಕೊಂಬು. ಅದರ ಮುಂದ ಅಜ್ಜಾರು."

ಹೇಳುತ್ತಿದ್ದಂತೆ ಅವನ ಕಣ್ಣು ಹುಲಿಗೆಪ್ಪನ ಮೇಲೆ ಹೋಯಿತು. ಮಾತು ನಿಂತಿತು.

ಅಜ್ಜಾರು ಕಟ್ಟೆಯ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಗದಿಗಯ್ಯ ಕೂಡಲಿಲ್ಲ. ಚೆಂಬು ತೆಗೆದುಕೊಂಡು ಜನರ ನಡುವೆ ಹೋಗಿ ಹುಲಿಗೆಪ್ಪನ ಮುಂದೆ ನಿಂತ.

"ನಿನ್ನೆ ನೀ ನುಂಗಿದ ನೀರು ಗಿಡದ್ದು," ಎಂದ. "ಇನ್ನೊಮ್ಮೆ ತಗೋ. ಈ ಸಲ ಉಗುಳು. ಹೊಳಿ ಕಡೆ ಯಾಕ ಕೈ ಮಾಡಿದ್ದಿ, ಹೇಳು."

ಹುಲಿಗೆಪ್ಪ ನೀರು ತುಂಬಿಕೊಂಡು ಬೇವಿನ ತನಕ ನಡೆದು ಬಂದು ಉಗುಳಿದ. ಬಾಯಿ ಒರೆಸಿಕೊಂಡ.

"ನಾ ಆಚೆ ದಂಡಿಂದ ಬರತಿದ್ನಿರಿ. ಗೌಡರು ಎದಿಮಟ ನೀರಾಗ ನಿಂತಿದ್ರು. ಒಬ್ಬಂವನ ತಲಿ ನೀರಾಗ ಒತ್ತಿ ಹಿಡದಿದ್ರು. ಅವನ ಕಾಲು ನೀರು ಬಡಿತಿದ್ವು. ಬಿಡ್ರಿ ಅಂತ ಕೂಗಿದೆ. ಬಿಡಲಿಲ್ಲ. ಮತ್ತ ಕೂಗಿದೆ. ಆಮ್ಯಾಲ ಹುಟ್ಟು ಎತ್ತಿದೆ. ತಲಿಗೆ ಎತ್ತಲಿಲ್ಲ, ಕೈಗೆ ಎತ್ತಿದೆ. ಕೈ ಬಿಡಸಬೇಕಾಗಿತ್ತು, ಅಷ್ಟ."

"ಅದು ಆಟ," ಎಂದ ಫಕೀರಗೌಡ. "ಉಸರು ಹಿಡಿಯೋ ಪಂಥ. ನಾನೂ ಕಳಕಪ್ಪನೂ ಸಣ್ಣವರಿದ್ದಾಗಿಂದ ಆಡತೀವಿ. ನಿನ್ನ ಕೂಗು ಹೊಳಿ ಸಪ್ಪಳದಾಗ ಯಾರಿಗೆ ಕೇಳತೈತಿ?"

"ಪಂಥ ಅಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ ಗೌಡರ? ನಾ ಕಂಡಿದ್ದು ಕಾಲು."

ಕಳಕಪ್ಪ ಅಲ್ಲೇ ಇದ್ದ, ಗೆಳೆಯನ ಪಕ್ಕದಲ್ಲಿ. ನಿನ್ನೆಯೂ ಇದ್ದ. ಗದಿಗಯ್ಯ ಅವನ ಕಡೆ ತಿರುಗಿದ.

"ಖರೇನ ಆಟೇನಪಾ?"

"ಆಟ ರೀ," ಎಂದ ಕಳಕಪ್ಪ. ಗೆಳೆಯನ ಮುಖ ನೋಡಿ ನೆಲ ನೋಡಿದ. "ಕಡೀಕ ಉಸರು ಸಾಲಲಿಲ್ಲ. ಬಿಡು ಅಂತ ಇವನ ತೊಡಿ ಬಡದೆ. ಇಂವ ಬಿಡಲಿಲ್ಲ. ಸೋಲಸಾಕ ಹಿಡದಾನ ಅಂತ ಗೊತ್ತಿತ್ತು. ಆದ್ರ ಹೆದರಿಕಿ ಆಗಿತ್ರಿ."

"ನಿನ್ನೆ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ಲರಿ."

ಫಕೀರಗೌಡ ದಬ್ಬೆ ಕಟ್ಟಿದ ಕೈಯನ್ನು ನೋಡಿಕೊಂಡ. "ನೀ ಬಡದದ್ದು ನನಗ ತಿಳೀಲಿಲ್ಲೋ ಕಳಕಾ," ಎಂದ. ಅವನ ದನಿ ಮೊದಲಿನಂತಿರಲಿಲ್ಲ.

ಗದಿಗಯ್ಯ ತನ್ನಲ್ಲೇ ಕೇಳಿಕೊಂಡ. ಹುಲಿಗೆಪ್ಪ ಇನ್ನೊಂದು ಸಲ ಕೂಗಬಹುದಿತ್ತೇ? ಹುಟ್ಟನ್ನು ಇಷ್ಟು ಜೋರಾಗಿ ಬೀಸಬೇಕಿತ್ತೇ? ಬಿಟ್ಟಿದ್ದರೆ ಕಳಕಪ್ಪ ಏನಾಗುತ್ತಿದ್ದ? ನಿನ್ನೆ ಅಷ್ಟು ಸುಲಭವಾಗಿದ್ದದ್ದು ಇವತ್ತು ಹೀಗೆ ಕಗ್ಗಂಟಾಗಿತ್ತು. ವಿಚಿತ್ರವೆಂದರೆ, ಇವತ್ತೇ ಅವನಿಗೆ ಕಾಲ ಕೆಳಗೆ ನೆಲ ಇದೆ ಅನ್ನಿಸುತ್ತಿತ್ತು.

ಕಡೆಗೆ ಅವನು ಒಳಗೆ ಹೋಗಿ ಗೋಡೆಯಿಂದ ಹುಟ್ಟನ್ನು ಇಳಿಸಿ ತಂದ. ಹುಲಿಗೆಪ್ಪನ ಕೈಗೆ ಕೊಟ್ಟ.

"ಹೊಳಿ ನಿಂದ," ಎಂದ. "ಗೌಡರ ಕೈ ಕೂಡೋತನ ಅವರ ಎತ್ತಿಗೆ ಮೇವು, ನೀರು ನೀ ನೋಡಿಕೋ. ಮುರದದ್ದಂತೂ ಮುರದೈತಿ."

ಹುಲಿಗೆಪ್ಪ ಹುಟ್ಟನ್ನು ಹಣೆಗೆ ಮುಟ್ಟಿಸಿಕೊಂಡ. ಅವನ ಹೆಂಡತಿ ತಲೆಯ ಮೇಲಿನ ಗಂಟನ್ನು ನೆಲಕ್ಕಿಳಿಸಿ ಅದರ ಮೇಲೆಯೇ ಕೂತುಬಿಟ್ಟಳು. ಫಕೀರಗೌಡ ಹೋಗುವಾಗ ಕಳಕಪ್ಪನ ಹೆಗಲ ಮೇಲೆ ಎಡಗೈ ಹಾಕಿಕೊಂಡು ಹೋದ.

ಕಟ್ಟೆ ಖಾಲಿಯಾಯಿತು. ಅಜ್ಜಾರು ಬೇವಿನ ನೆರಳಲ್ಲಿ ಕಾಲು ಚಾಚಿ ಕೂತರು. ಗದಿಗಯ್ಯ ಎಣ್ಣೆ ತಂದು ಅವರ ಮೊಣಕಾಲು ತಿಕ್ಕತೊಡಗಿದ.

"ನಂದು ಏನಾತ್ರಿ ಅಜ್ಜಾರ? ತೀರ್ಪು ಹೇಳಲಿಲ್ಲ."

"ತಿಕ್ಕು. ಅದ ತೀರ್ಪು."

ಗದಿಗಯ್ಯ ಸ್ವಲ್ಪ ಹೊತ್ತು ತಿಕ್ಕಿದ. ಆದರೆ ಅವನ ಬಾಯಿ ಎಷ್ಟು ಹೊತ್ತು ಸುಮ್ಮನಿದ್ದೀತು?

"ಅಜ್ಜಾರ, ಒಂದು ಕೇಳಲೇನು?"

"ಬ್ಯಾಡ ಅಂದ್ರ ಬಿಡತೀಯೇನು?"

"ಹುಲಿಗೆಪ್ಪನ ಮಾತು ಪೂರಾ ಕೇಳಿದ ಮ್ಯಾಲೂ ತಪ್ಪು ಅವಂದ ಅಂತ ಅನಿಸಿದ್ರ? ಹುಟ್ಟು ಗೋಡಿಗೇ ಹೋಗತಿತ್ತು. ಅಂವ ಊರು ಬಿಟ್ಟೇ ಬಿಡತಿದ್ದ. ನಿನ್ನೆ ಆಗಿದ್ದ ಇವತ್ತೂ ಆಗತಿತ್ತು. ಹಂಗಾಗಿದ್ರ ಅವನ ಬಾಯಿಂದ ಇಷ್ಟೆಲ್ಲಾ ಹೇಳಿಸಿ ಏನು ಬಂತ್ರಿ?"

ಅಜ್ಜಾರು ಕೈ ಚಾಚಿ ಬೇವಿನ ಬುಡದ ಮಣ್ಣು ಮುಟ್ಟಿದರು. ತೇವ ಬೆರಳಿಗೆ ಅಂಟಿತು. ಆ ಬೆರಳನ್ನು ಗದಿಗಯ್ಯನ ಅಂಗೈಗೆ ಒರೆಸಿದರು.

"ಆಗಲೂ ಗಿಡಕ್ಕ ನೀರು ಮುಟ್ಟತಿತ್ತು."