ಮುಚ್ಚಳವಿಲ್ಲದ ಬಟ್ಟಲು

ವೈಶಾಖ ಬಹುಳ ಪಂಚಮಿ. ಬೆಳಗಿನಿಂದಲೇ ಉರಿಬಿಸಿಲು, ಎಲೆಯೂ ಅಲುಗದ ಸೆಕೆ.

ಎರಡು ತಿಂಗಳ ಯಾತ್ರೆ ಮುಗಿಸಿ ಗುರುಗಳು ಆಶ್ರಮಕ್ಕೆ ಮರಳಿದರು. ಕಾಲು ತೊಳೆದವರೇ ಕೇಳಿದರು, "ಹುಲಿಗೆವ್ವ ಎಲ್ಲಿ?"

ಅಂಗಳ ಗುಡಿಸುತ್ತಿದ್ದ ಮುದುಕಿ ಅವಳು. ಹೆತ್ತ ಒಬ್ಬಳೇ ಮಗಳು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಆ ಕೂಸಿನ ಬೆಳ್ಳಿ ಗೆಜ್ಜೆ ಅವಳ ಎಲೆಅಡಿಕೆ ಸಂಚಿಯಲ್ಲೇ ಇರುತ್ತಿತ್ತು. ಬಗ್ಗಿ ಕಸ ಹೊಡೆಯುವಾಗ ಝಣ್ ಎನ್ನುತ್ತಿತ್ತು.

"ಕಳಿಸಿಬಿಟ್ಟೆ ಗುರುಗಳೇ," ಎಂದ, ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ ಶಂಭುಲಿಂಗ. "ಕರ್ಪೂರ ಕದ್ದಳು. ಬಟ್ಟಲಲ್ಲಿ ಪುಡಿ ಮಾಡಿ ತೂಗಿ ಇಟ್ಟದ್ದು ತಿಂಗಳಲ್ಲಿ ಅರ್ಧಕ್ಕಿಳಿದಿತ್ತು. ಆ ಕೋಣೆಗೆ ಹೋಗುತ್ತಿದ್ದವರು ನಾವಿಬ್ಬರೇ."

"ಒಪ್ಪಿಕೊಂಡಳೋ?"

"ಎಲ್ಲಿ! 'ನಾ ಮುಟ್ಟಿಲ್ರೀ ಅಪ್ಪಾ, ನಿಮ್ಮ ಕರ್ಪೂರಕ್ಕ ರೆಕ್ಕಿ ಬಂದಾವೇನ ನೋಡ್ರಿ' ಅಂತ ನನಗೇ ಕುಚೋದ್ಯ. ತಂದಿಡದಿದ್ದರೆ ಊರವರೆದುರು ನಿಲ್ಲಿಸುತ್ತೇನೆ ಅಂದೆ. ಮೂರನೇ ದಿನ ಬಟ್ಟಲು ತುಂಬಿತ್ತು. ಕದಿಯದವಳು ಎಲ್ಲಿಂದ ತಂದಳು? ಅವತ್ತೇ ಹೊರಗೆ ಹಾಕಿದೆ."

ಗುರುಗಳು ಉಗ್ರಾಣದ ಸಣ್ಣ ತಕ್ಕಡಿಯನ್ನು ತೂಗುಹಾಕಿದರು. ಒಂದು ತಟ್ಟೆಗೆ ಕರ್ಪೂರದ ಪುಡಿ, ಇನ್ನೊಂದಕ್ಕೆ ಸರಿತೂಗುವಷ್ಟು ಗುಲಗಂಜಿ.

"ಅಗುಳಿ ಹಾಕಿಕೊಂಡು ಕಾವಲು ಕೂರು. ನೀನೂ ಮುಟ್ಟಬೇಡ."

ಶಂಭುಲಿಂಗ ಕೂತ. ಬೆವರು ಇಳಿಯಿತು. ಪರಿಮಳವನ್ನು ಹಿತವಾಗಿ ಒಳಗೆಳೆದುಕೊಂಡ. ಮಧ್ಯಾಹ್ನ ಕರ್ಪೂರದ ತಟ್ಟೆ ತುಸು ಮೇಲೆದ್ದಂತೆ ಕಂಡಿತು. ಸಂಜೆಗೆ ಅನುಮಾನವೇ ಉಳಿಯಲಿಲ್ಲ. ಅವನು ಅಗುಳಿಯ ಕಡೆ ನೋಡಿದ. ಅಗುಳಿ ಹಾಕಿದಂತೆಯೇ ಇತ್ತು.

"ಯಾರೂ ಬರಲಿಲ್ಲ ಗುರುಗಳೇ. ಆದರೂ..."

"ಕರ್ಪೂರವೆಂದರೆ ಅಣುಗಳ ರಾಶಿ. ಕಣ್ಣಿಗೆ ಕಾಣದಷ್ಟು ಚಿಕ್ಕವು, ಒಂದು ಗಳಿಗೆಯೂ ಸುಮ್ಮನಿರುವವಲ್ಲ. ಮೇಲಿನವು ಹಿಡಿತ ಬಿಡಿಸಿಕೊಂಡು ಗಾಳಿಗೆ ಹಾರುತ್ತವೆ. ಕರಗಿ ನೀರಾಗುವುದೂ ಇಲ್ಲ, ನೆಟ್ಟಗೆ ಗಾಳಿಗೇ. ಸೆಕೆ ಏರಿದಷ್ಟೂ ಆತುರ. ಬಟ್ಟಲಿಗೆ ಮುಚ್ಚಳ ಹಾಕಿದ್ದೆಯಾ?"

"ಇಲ್ಲ. ಕೋಣೆ ಘಮಘಮ ಅನ್ನಲಿ ಅಂತ..."

"ಆ ಘಮವೇ ಕರ್ಪೂರ. ನಿನ್ನ ಮೂಗಿಗೆ ಬಂದಷ್ಟು ಬಟ್ಟಲಲ್ಲಿ ಕಡಿಮೆ."

ಶಂಭುಲಿಂಗ ಬಟ್ಟಲಿನತ್ತ ತಿರುಗಿ ಕೇಳಿದ, "ಹಾಗಾದರೆ ಬಟ್ಟಲು ತುಂಬಿದ್ದು ಹೇಗೆ?"

"ಹೊರಟ ದಿನ ಅವಳ ಸಂಚಿಯ ಸದ್ದು ಕೇಳಿಸಿತ್ತೇ?"

ಕೇಳಿಸಿರಲಿಲ್ಲ. ಸದ್ದಿಲ್ಲದೆ ಅಂಗಳ ದಾಟಿದ್ದಳು. ಕಳ್ಳಹೆಜ್ಜೆ ಎಂದುಕೊಂಡಿದ್ದ ಅವನು.

ಗುರುಗಳು ಬಟ್ಟಲಿಗೆ ಮುಚ್ಚಳ ಹಾಕಿದರು.

"ಬರುವ ದಾರಿಯಲ್ಲಿ ಅಕ್ಕಸಾಲಿ ಸಿಕ್ಕಿದ್ದ. ಅವಳು ಅವನಿಗೆ ಮಾರಿದ್ದು ಕೂಸಿನ ಗೆಜ್ಜೆ, ತೀರ ಹಗುರ. ಅರ್ಧ ಬಟ್ಟಲು ಕರ್ಪೂರಕ್ಕೆ ಸರಿಹೋಯಿತಂತೆ."