ಸಾಲಿನ ಕೊನೆಯ ಗಾಡಿ

"ಗುರುಗಳೇ, ಹೊರಡುವ ಮೊದಲೇ ಎಲ್ಲವನ್ನೂ ಎಣಿಸಿ ಇಟ್ಟುಕೊಂಡವನು ದಾರಿಯಲ್ಲಿ ಕೆಡುವುದುಂಟೆ?"

ಕೇಳಿದವನು ರಾಚಯ್ಯ, ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ. ಬೇಸಗೆ ಮುಗಿಯುವುದರೊಳಗೆ ಸುತ್ತಿನ ಊರುಗಳಿಂದ ಮಠಕ್ಕೆ ಕಾಳು ಸಾಗಿಸುವ ಕೆಲಸ ಆ ವರ್ಷ ಅವನ ಪಾಲಿಗೆ ಬಂದಿತ್ತು. ಯಾವ ಗಾಡಿ ಯಾವ ದಿನ ಎಲ್ಲಿಂದ ಹೊರಡಬೇಕೆಂದು ಬರೆದು ತಂದಿದ್ದ. ಗುರುಗಳು ಆ ಹಾಳೆಯನ್ನು ಪೂರ್ತಿ ಓದಿ, ಮಡಚಿ ಅವನ ಕೈಗೇ ಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಎರೆಸೀಮೆಯಲ್ಲಿ ಹತ್ತಿ ಕೊಂಡು ಕಡಲ ಬಂದರಿಗೆ ಸಾಗಿಸುತ್ತಿದ್ದ. ಮೊದಲ ಮಳೆ ಬಿತ್ತೆಂದರೆ ಎರೆಮಣ್ಣಿನಲ್ಲಿ ಗಾಲಿ ಹೂತುಹೋಗುತ್ತದೆ, ಹಡಗುಗಳೂ ಕಡಲಿಗೆ ಇಳಿಯುವುದಿಲ್ಲ. ಹಾಗಾಗಿ ಎಲ್ಲ ವರ್ತಕರಿಗೂ ಬೇಸಗೆಯ ಅದೇ ಎರಡು ತಿಂಗಳು, ಅದೇ ದಾರಿ, ಅವೇ ಗಾಡಿಗಳು. ಆಗ ಗಾಡಿ ಸಿಕ್ಕುವುದೆಂದರೆ ದೇವರು ಸಿಕ್ಕಿದ ಹಾಗೆ.

ಈ ವರ್ತಕ ಮಹಾ ಜಾಣ. ಶಿವರಾತ್ರಿಗೆ ಮೊದಲೇ ದಾರಿಯುದ್ದಕ್ಕೂ ತಿರುಗಿ, ಊರೂರಿನ ಗಾಡಿಗಳನ್ನೆಲ್ಲ ತನಗೇ ಗೊತ್ತುಮಾಡಿಕೊಂಡು ಬಂದ. ಉಳಿದ ವರ್ತಕರು ಕೈ ಕೈ ಹಿಸುಕಿಕೊಂಡರು. ದಾರಿಯ ಮೇಲಿನ ದೂರದ ಊರುಗಳ ಗಾಡಿಗಳನ್ನು ಮೊದಲ ಸರದಿಯಲ್ಲಿ ಹೇರಿ ಕಳಿಸಿದ. ಕೊನೆಯ ಸರದಿಯ ನಲವತ್ತು ಗಾಡಿಗಳ ಜೊತೆ ತಾನೇ ಹೊರಟ. ಮಳೆಗಾಲಕ್ಕೆ ಮುಂಚಿನ ಕೊನೆಯ ಹಡಗು ಹೊರಡುವ ದಿನವನ್ನು ತಿಳಿದುಕೊಂಡು, ಅದಕ್ಕೆ ಸರಿಯಾಗಿ ಹರದಾರಿ ಎಣಿಸಿದ್ದ.

ಗಾಡಿಸಾಲಿಗೆ ಒಂದು ಪದ್ಧತಿಯಿತ್ತು. ಎಷ್ಟೇ ಗಾಡಿ ಹೇರಿದರೂ ಎಲ್ಲಕ್ಕಿಂತ ಹಿಂದೆ ಒಂದು ಗಾಡಿ ಖಾಲಿ ಹೋಗಬೇಕು. ಅಚ್ಚು ಮುರಿದ ಗಾಡಿಯ ಹೊರೆಗೋ ಮೈ ಸರಿಯಿಲ್ಲದ ಆಳಿಗೋ ಅದು ಬೇಕು. ಸಾಲನ್ನು ನಡೆಸುತ್ತಿದ್ದವನು ಒಬ್ಬ ಮುದುಕ. ವರ್ತಕನ ತಂದೆಯ ಕಾಲದಿಂದಲೂ ಎಲ್ಲರಿಗಿಂತ ಮುಂದೆ ಕಾಲ್ನಡಿಗೆಯಲ್ಲೇ ಹೋಗುತ್ತಿದ್ದ. ವರ್ತಕ ಚಿಕ್ಕವನಿದ್ದಾಗ ಅವನ ಹೆಗಲೇರಿ ಹಳ್ಳ ದಾಟಿದ್ದೂ ಉಂಟು.

ಆ ಸಲ ಹೇರುವ ದಿನ ವರ್ತಕ ಕೊನೆಯ ಗಾಡಿಗೂ ಅಂಡಿಗೆಗಳನ್ನು, ಹತ್ತಿ ತುರುಕಿದ ದೊಡ್ಡ ಮೂಟೆಗಳನ್ನು, ಏರಿಸಿದ.

"ಅದೊಂದು ಖಾಲಿ ಇರಲ್ರೀ ಸಾವಕಾರ್ರ," ಎಂದ ಮುದುಕ. "ನಿಮ್ಮಪ್ಪಾರು ಎಂದೂ ಅದಕ್ಕ ಕೈ ಹಚ್ಚಿದವರಲ್ಲ."

"ಆರು ವರ್ಷ ಆತು ಕಾಕಾ, ಬರೀ ಗಾಡಿ ಹೋಗತೈತಿ, ಬರೀ ಗಾಡಿ ಬರತೈತಿ. ಹೇರೂದು ಇನ್ನೂ ಬಿದ್ದೈತಿ. ಇದೊಂದ ಸಲ ನಡೀಲಿ."

ಮುದುಕ ಕೋಲು ಎತ್ತಿಕೊಂಡು ಸಾಲಿನ ಮುಂದಕ್ಕೆ ಹೋದ. ಅನ್ನ ಕೊಡುವವನಿಗೆ ಎರಡನೆಯ ಸಲ ಹೇಳಿ ಅವನಿಗೆ ರೂಢಿಯಿರಲಿಲ್ಲ.

ತಂಪು ಹೊತ್ತಿನಲ್ಲಷ್ಟೇ ನಡೆಯುತ್ತಿದ್ದ ಸಾಲು ಆ ಸಲ ಮಧ್ಯಾಹ್ನವೂ ನಡೆಯಿತು. ಆರನೆಯ ದಿನ ಸುಡುಬಿಸಿಲಿನಲ್ಲಿ ಮುದುಕ ಕೋಲು ಊರಿ ನಿಂತ, ನಿಂತಲ್ಲೇ ಕುಸಿದ. ಮೈ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ಕಣ್ಣು ತೆರೆದಿದ್ದರೂ ಯಾರ ಗುರುತೂ ಹತ್ತಲಿಲ್ಲ.

ಅಂಡಿಗೆಗಳ ಮೇಲೆ ಮಲಗಿಸೋಣವೆಂದರೆ ನೆತ್ತಿಯ ಮೇಲೆ ಅದೇ ಬಿಸಿಲು, ಮೊದಲ ತಗ್ಗಿನಲ್ಲೇ ಉರುಳಿ ಬೀಳುತ್ತಾನೆ. ಗಾಡಿಯ ಮುಂದೆ ಇದ್ದದ್ದು ಹೊಡೆಯುವವನು ಕಾಲು ಇಳಿಬಿಟ್ಟು ಕೂಡುವಷ್ಟೇ ಜಾಗ. ಜೊತೆಗೆ ಯಾರನ್ನಾದರೂ ಬಿಡೋಣವೆಂದರೆ ಗಾಡಿಗೆ ಒಬ್ಬನೇ ಆಳು. ಹೆಚ್ಚಿನ ಆಳು ದಂಡವೆಂದು ವರ್ತಕ ಮೊದಲೇ ಕಳೆದುಬಿಟ್ಟಿದ್ದ. ಮುದುಕನನ್ನು ಜಾಲಿಯ ಮರದ ಕೆಳಗೆ ಮಲಗಿಸಿ, ಮುಖದ ಮೇಲೆ ಒದ್ದೆ ಬಟ್ಟೆ ಹಾಕಿ, ಪಕ್ಕಕ್ಕೆ ನೀರಿನ ಮಡಕೆ ಇಟ್ಟರು. ಮುಂದಿನ ಊರಿನಿಂದ ಗಾಡಿ ಕಳಿಸುತ್ತೇನೆ ಎಂದ ವರ್ತಕ. ಅವನು ಸುಳ್ಳು ಹೇಳಲಿಲ್ಲ. ಹಾಗೆಯೇ ನಂಬಿದ್ದ.

ಆ ಊರಿನ ಕಟ್ಟೆಯ ಮೇಲೆ ಇಬ್ಬರು ವಯಸ್ಸಾದವರು ಕುಳಿತಿದ್ದರು. ಒಂದು ಗಾಡಿ ಕಟ್ಟಿಸಿ, ಜೀವ ಹೋಗುವ ಹೊತ್ತು ಎಂದು ವರ್ತಕ ಅಂಗಲಾಚಿದ.

"ಗಾಡಿ ಎಲ್ಲಿ ಅದಾವ್ರೀ?" ಎಂದ ಒಬ್ಬ. "ಊರಾಗಿನ ಗಾಡಿ, ಹೊಡಿಯೋ ಗಂಡಸರು, ಎಲ್ಲಾ ನಿಮ್ಮ ಹತ್ತಿ ಹೇರಿಕೊಂಡು ಹೋದವಾರನ ಹೋದ್ರಲ್ಲ."

ವರ್ತಕ ಅಲ್ಲಿಯೇ ಅಂಡಿಗೆ ಇಳಿಸಿ ಒಂದು ಗಾಡಿಯನ್ನು ಹಿಂದಕ್ಕೆ ಕಳಿಸಬಹುದಿತ್ತು. ಅದು ಅವನಿಗೆ ಹೊಳೆಯಲಿಲ್ಲ ಎಂದು ನಾನು ಹೇಳಲಾರೆ. ಹೊಳೆಯಿತು, ಜೊತೆಗೇ ಹಡಗಿನ ದಿನವೂ ಹೊಳೆಯಿತು. ಆ ಅಂಡಿಗೆಗಳು ಇಲ್ಲಿ ಇಳಿದರೆ ಮಳೆಗಾಲವಿಡೀ ಮುಗ್ಗುತ್ತವೆ ಎಂಬುದೂ ಹೊಳೆಯಿತು. ಅವನನ್ನು ಪಾಪಿ ಎಂದು ಕರೆದು ಮುಗಿಸಿಬಿಟ್ಟರೆ ನನಗೂ ಸುಲಭ, ನಿನಗೂ ಸುಲಭ. ಅವನು ಅಳುತ್ತಿದ್ದ. ಅಳುತ್ತಲೇ ಸಾಲನ್ನು ಮುಂದಕ್ಕೆ ಹೊಡೆಸಿದ.

ಕಟ್ಟೆಯ ಮೇಲಿದ್ದ ಇಬ್ಬರೂ ಕಂಬಳಿ ಹಿಡಿದು ಹಿಂದಕ್ಕೆ ನಡೆದುಹೋದರು. ಹೊತ್ತು ತರುವ ಕೆಲಸ ಉಳಿದಿರಲಿಲ್ಲ. ಅಲ್ಲಿಯೇ ಮಣ್ಣು ಮಾಡಿ ಬಂದರು.

ವರ್ತಕ ಅಂದುಕೊಂಡ ದಿನಕ್ಕೇ ಬಂದರು ಮುಟ್ಟಿದ. ಒಂದು ಅಂಡಿಗೆಯೂ ಕೆಡದೆ ಹತ್ತಿಯೆಲ್ಲ ಹಡಗು ಏರಿತು. ಮರಳಿ ಬರುವಾಗ ಆ ಜಾಲಿಯ ಮರದ ಮುಂದೆ ನಲವತ್ತು ಗಾಡಿಗಳೂ ಖಾಲಿಯಾಗಿ ಹಾದುಹೋದವು.

ಗುರುಗಳು ಮಾತು ನಿಲ್ಲಿಸಿದರು. ರಾಚಯ್ಯ ಕೈಯಲ್ಲಿದ್ದ ಹಾಳೆಯ ಮಡಿಕೆ ಬಿಚ್ಚಿದ. ಎಲ್ಲಾದರೂ ಒಂದಿಷ್ಟು ಸಮಾಧಾನ ಸಿಕ್ಕೀತೇ ಎಂದು ಕೇಳಿದ:

"ಮರುವರ್ಷವಾದರೂ ಅವನು ಕೊನೆಗೊಂದು ಖಾಲಿ ಗಾಡಿ ಕಟ್ಟಿಸಿದನೇ, ಗುರುಗಳೇ?"

"ಕಟ್ಟಿಸಿದ, ಬಿಸಿಲು ತಾಗದಂತೆ ಕಮಾನು ಹಾಕಿಸಿ, ಅದರಲ್ಲಿ ತಾನೇ ಮಲಗಿಕೊಂಡು ಬಂದರಿಗೆ ಹೋದ."