ಬಾಳವ್ವನ ಹೆಪ್ಪು

"ಗುರುಗಳೇ, ತಪ್ಪಿಲ್ಲದೆ ಸತ್ತ ಹಿರಿಯರ ಮೇಲಿನ ಕಳಂಕವನ್ನು ತೊಳೆಯುವುದು ಪುಣ್ಯವಲ್ಲವೆ?" ಎಂದು ಶಿಷ್ಯ ಕೇಳಿದ.

"ಪುಣ್ಯವೇ," ಎಂದರು ಗುರು. "ಅವಸರವಿಲ್ಲದಿದ್ದರೆ ಒಂದು ಕತೆ ಕೇಳು. ಅವಸರವಿದ್ದರೂ ಕೇಳು."

ಒಂದು ಊರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಕಂಬಳಿಯಲ್ಲಿ ತೂತಿದ್ದರೆ ಕೊಳ್ಳುವವನಿಗೆ ತಾನೇ ತೋರಿಸುವಷ್ಟು ಒಳ್ಳೆಯವನು. ಊರವರು ಅವನ ಕಂಬಳಿ ಹೊದೆಯುತ್ತಿದ್ದರು, ಅವನ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವನ ಮನೆಯ ಹೆಪ್ಪನ್ನು ಮಾತ್ರ ಯಾರೂ ಒಯ್ಯುತ್ತಿರಲಿಲ್ಲ. ಕಾಸಿದ ಹಾಲಿಗೆ ಹೆಪ್ಪು ಬೇಕಾದರೆ ಹೆಂಗಸರು ಬಟ್ಟಲು ಹಿಡಿದು ಅವನ ಬಾಗಿಲು ದಾಟಿ ಮುಂದಿನ ಮನೆಗೆ ಹೋಗುತ್ತಿದ್ದರು.

ಅದಕ್ಕೆ ಕಾರಣ ಅವನ ಮುತ್ತಜ್ಜಿ ಬಾಳವ್ವ. ಅವಳ ಕಾಲದಲ್ಲಿ ಆ ಊರನ್ನು ಆಳುತ್ತಿದ್ದವರು ಬಲು ಮಡಿವಂತ ಹಿರಿಯರು. ಹೆಂಗಸು ಗಟ್ಟಿಯಾಗಿ ನಕ್ಕರೆ ದಂಡ, ಹಬ್ಬವಲ್ಲದ ದಿನ ಹಾಡು ಹೇಳಿದರೆ ದಂಡ. ದೇವರು ಬಿಟ್ಟದ್ದನ್ನೂ ಅವರು ಬಿಡುತ್ತಿರಲಿಲ್ಲ. ಒಂದು ವರ್ಷ ಬಾಳವ್ವ ಪಕ್ಕದ ಮನೆಗೆ ಹೆಪ್ಪು ಕೊಟ್ಟಳು. ಆ ಮನೆಯ ಮಕ್ಕಳು ಸತ್ತವು. ಹಿರಿಯರು ಚಾವಡಿಯಲ್ಲಿ ಕೂಡಿ, ಇವಳು ಮಾಟಗಾತಿ ಎಂದು ತೀರ್ಮಾನಿಸಿ, ಊರ ಹೊರಗೆ ನೇಣು ಹಾಕಿಸಿದರು. ಆಮೇಲೆ ಊರಿಗೆ ನೆನಪು ಉಳಿದದ್ದು ಇಷ್ಟೇ.

ವ್ಯಾಪಾರಿಗೆ ಒಬ್ಬಳೇ ಮಗಳು. ಅವಳನ್ನು ನೋಡಲು ಒಳ್ಳೆಯ ಕಡೆಯವರು ಬಂದರು. ಮಗಳು ಮಜ್ಜಿಗೆ ತಂದು ಕೊಟ್ಟಳು. ಬಾಗಿಲಲ್ಲಿ ನಿಂತ ನೆರೆಯವಳೊಬ್ಬಳು ವರನ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ವರನ ತಾಯಿ ಲೋಟವನ್ನು ಮುಟ್ಟದೆ ಎದ್ದಳು. ಅವರು ಹೋದ ಮೇಲೆ ಮಗಳು ಆ ಮಜ್ಜಿಗೆಯನ್ನು ಹಿತ್ತಲಲ್ಲಿ ಚೆಲ್ಲಿ, ಲೋಟಗಳನ್ನು ತೊಳೆದು ಬೋರಲು ಹಾಕಿದಳು. ಅಳಲಿಲ್ಲ. ಅತ್ತಿದ್ದರೆ ತಂದೆಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಬಾಳವ್ವನ ಹೆಸರನ್ನು ಚೊಕ್ಕ ಮಾಡದೆ ಬಿಡುವುದಿಲ್ಲ ಎಂದು ಅವನು ಅಂದೇ ನಿಶ್ಚಯಿಸಿದ.

ಕಂಬಳಿಯ ಗಂಟು ಹೊತ್ತು ಊರೂರು ತಿರುಗುವುದು ಅವನ ಕಸುಬು. ಈಗ ಕಂಬಳಿಯ ಜೊತೆಗೆ ಬಾಳವ್ವನ ಮಾತನ್ನೂ ಬಿಚ್ಚತೊಡಗಿದ. ವಯಸ್ಸಾದವರು ಎಲ್ಲಿ ಕಂಡರೂ ಕೂತು ಕೇಳಿದ. ಒಬ್ಬ ಮುದಿ ಕುರುಬ ಹೇಳಿದ: ಆ ವರ್ಷ ತಮ್ಮ ಊರಲ್ಲೂ ಗಂಟಲು ಕಟ್ಟುವ ಜ್ವರ ಬಂದು ಮಕ್ಕಳು ಸತ್ತಿದ್ದವಂತೆ, ಹೊಳೆಯಾಚೆಗೂ ಸತ್ತಿದ್ದವಂತೆ. ವ್ಯಾಪಾರಿ ಹಿಗ್ಗಿ ಬಂದು ಅದನ್ನು ಚಾವಡಿಯಲ್ಲಿ ಹೇಳಿದ. ಊರವರು ಕೇಳಿಸಿಕೊಂಡರು. ಜ್ವರ ಇದ್ದಿರಬಹುದು, ಆದರೆ ಹೆಪ್ಪೂ ಇತ್ತಲ್ಲ ಎಂದು ಒಬ್ಬ ಆಕಳಿಸಿದ. ಅಲ್ಲಿಗೆ ಮಾತು ಮುಗಿಯಿತು. ನಿಜ ಇದ್ದರೆ ಸಾಲದು, ಊರು ನಂಬುವಂಥದ್ದು ಬೇಕು ಎಂದು ವ್ಯಾಪಾರಿಗೆ ಅನಿಸಿತು. ಅವನು ಮತ್ತೆ ಗಂಟು ಹೊತ್ತು ಹೊರಟ.

ಬಹಳ ದೂರದ ಒಂದು ಊರಿನಲ್ಲಿ ಅವನಿಗೆ ಒಬ್ಬ ಮುದುಕಿ ಸಿಕ್ಕಳು. ಅವಳ ಅಜ್ಜಿ ಬಾಳವ್ವನ ಓಣಿಯಲ್ಲೇ ಹುಟ್ಟಿ ಬೆಳೆದವಳು. ಬಾಳವ್ವನ ಹೆಸರು ಕೇಳಿದ್ದೇ ಮುದುಕಿ ಬೀಸುವ ಕಲ್ಲನ್ನು ನಿಲ್ಲಿಸಿದಳು.

"ಆಕೀ ಆಕಳ ಬತ್ತಿ ಹೋಗಿತ್ತಪ್ಪ. ಮನ್ಯಾಗ ಹನಿ ಮೊಸರು ಇರಲಿಲ್ಲ. ಪಕ್ಕದಾಕಿ ಹೆಪ್ಪು ಕೇಳಿದಾಗ ಇಲ್ಲ ಅನ್ನಲಾರದ, ಹಿತ್ತಲ ಬಾಗಿಲಿಂದ ಗಾಣದವರ ಮನಿಗೆ ಹೋಗಿ ಇಸಕೊಂಡು ಬಂದು ಕೊಟ್ಟಳು. ನಮ್ಮಜ್ಜಿ ಕಣ್ಣಾರೆ ನೋಡಿದ್ದಳು. ಹಾಲಿಲ್ಲದ ಮನ್ಯಾಗ ಮೊಸರು ಎಲ್ಲಿಂದ ಬಂತು ಅಂತ ಹಿರಿಯರು ಕೇಳೇ ಕೇಳಿದರು, ಹೊಡೆದೂ ಕೇಳಿದರು. ಆಕೀ ಬಾಯಿ ಬಿಡಲಿಲ್ಲ. ಬಿಟ್ಟಿದ್ದರ ಗಾಣದಾಕೀನೂ ನೇಣಿಗೆ ಹೋಗ್ತಿದ್ದಳು ನೋಡು."

ಮುದುಕಿಯ ಕೊನೆಯ ಮಾತು ಮುಗಿಯುವ ಹೊತ್ತಿಗೆ ವ್ಯಾಪಾರಿ ಎದ್ದು ಗಂಟು ಕಟ್ಟುತ್ತಿದ್ದ. ಹೆಪ್ಪು ಬಾಳವ್ವನದಲ್ಲ! ಅವನಿಗೆ ಕೇಳಿಸಿದ್ದು ಅಷ್ಟೇ. ದಾರಿಯುದ್ದಕ್ಕೂ ಅದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತ ಊರಿಗೆ ಬಂದ.

ಈ ಸಲ ಚಾವಡಿಯಲ್ಲಿ ಯಾರೂ ಆಕಳಿಸಲಿಲ್ಲ. ಜನ ಕಳಿಸಿ ಮುದುಕಿಯನ್ನು ಕೇಳಿಸಿದರು. ಮುದುಕಿ ಸುಳ್ಳು ಹೇಳುವವಳಲ್ಲ. ಊರು ಬಾಳವ್ವನ ವಿಷಯದಲ್ಲಿ ತಪ್ಪೊಪ್ಪಿಕೊಂಡು, ಅವಳು ಸತ್ತ ಜಾಗದಲ್ಲಿ ಕಲ್ಲು ನಿಲ್ಲಿಸಿ ಹೂವೇರಿಸಿತು. ವ್ಯಾಪಾರಿ ಆ ಕಲ್ಲಿನ ಮುಂದೆ ಮಗುವಿನ ಹಾಗೆ ಅತ್ತ. ಮರುದಿನವೇ ನೆರೆಯ ಹೆಂಗಸರು ಬಟ್ಟಲು ಹಿಡಿದು ಅವನ ಬಾಗಿಲಿಗೆ ಬಂದರು. ಮುರಿದ ಸಂಬಂಧ ತಾನಾಗಿ ಕೂಡಿ ಬಂತು, ಮದುವೆಗೆ ದಿನ ಗೊತ್ತಾಯಿತು. ಎಷ್ಟೋ ಕಾಲದ ಮೇಲೆ ಮಗಳು ಆ ಮನೆಯಲ್ಲಿ ಹಾಡು ಹೇಳಿಕೊಂಡು ಮೊಸರು ಕಡೆದಳು.

ಅದೇ ದಿನಗಳಲ್ಲಿ ಊರಿನ ಗಾಣದ ಮನೆಗೆ ಜನ ಹೋಗುವುದು ನಿಂತಿತು. ಯಾರೂ ಜಗಳವಾಡಲಿಲ್ಲ, ಯಾರೂ ಬೈಯಲಿಲ್ಲ. ಎಣ್ಣೆಯನ್ನು ಬೇರೆ ಊರಿನಿಂದ ತರಿಸಿಕೊಂಡರು. ಆ ಮನೆಯ ಮಕ್ಕಳು ಆಟಕ್ಕೆ ಬಂದರೆ ಉಳಿದ ಮಕ್ಕಳನ್ನು ತಾಯಂದಿರು ಒಳಗೆ ಕರೆದುಕೊಂಡರು. ಗಾಣ ನಿಂತಿತು.

ಒಂದು ಮಧ್ಯಾಹ್ನ ಗಾಣದ ಮನೆಯ ಸೊಸೆ ವ್ಯಾಪಾರಿಯ ಹಿತ್ತಲಿಗೆ ಬಂದಳು. ಕಂಕುಳಲ್ಲಿ ಕೂಸಿತ್ತು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಅಣ್ಣಾ, ನಿಮ್ಮ ಮುತ್ತಜ್ಜಿಗೆ ನಮ್ಮ ಮನಿಯಿಂದ ಹೆಪ್ಪು ಹೋಗಿದ್ದು ಖರೇನ ಇರಬಹುದು. ಅದು ನಮ್ಮ ಮನಿಗೆ ಯಾರ ಮನಿಯಿಂದ ಬಂದಿತ್ತು, ಅದನ್ನೂ ಹುಡುಕಿ ಕೊಡ್ರಿ. ಹುಡುಕೋದರಾಗ ನೀವು ಗಟ್ಟಿಗರು ಅದೀರಿ. ನನಗೂ ಒಬ್ಬಾಕಿ ಮಗಳು ಅದಾಳ."

ವ್ಯಾಪಾರಿಗೆ ಆಗ ಮುದುಕಿಯ ಕೊನೆಯ ಮಾತು ಪೂರ್ತಿಯಾಗಿ ಕೇಳಿಸಿತು. ಚಾವಡಿಗೆ ಹೋಗಿ, ಹೆಪ್ಪಿನಿಂದ ಯಾರೂ ಸಾಯುವುದಿಲ್ಲ, ಸತ್ತದ್ದು ಜ್ವರದಿಂದ, ಅಂದೇ ಹೇಳಿದ್ದೆ ಎಂದು ಕೂಗಬೇಕೆನಿಸಿತು. ಆದರೆ ಹೆಪ್ಪು ಗಾಣದವರದು ಎಂದು ಊರನ್ನು ನಂಬಿಸಿದವನೂ ತಾನೇ. ಈಗ ಅದನ್ನು ಅಲ್ಲಗಳೆದರೆ ಬಾಳವ್ವನ ಚೊಕ್ಕ ಹೆಸರು ಉಳಿಯುತ್ತದೆಯೆ? ಒಳಗೆ ಮಗಳು ಹಾಡುತ್ತಿದ್ದಳು. ಅವನು ಹೋಗಲಿಲ್ಲ. ನೋಡೋಣ ತಂಗಿ ಎಂದ. ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಎತ್ತಿಕೊಂಡು ಹೊರಟುಹೋದಳು.

ಮದುವೆ ಚೆನ್ನಾಗಿ ಆಯಿತು. ಮುಂದಿನ ಅಮಾವಾಸ್ಯೆಗೆ ಮೊದಲೇ ಗಾಣದವರು ಎತ್ತನ್ನು ಮಾರಿ, ಮನೆಗೆ ಬೀಗ ಹಾಕಿ, ಯಾರಿಗೂ ಹೇಳದೆ ಊರು ಬಿಟ್ಟರು. ವ್ಯಾಪಾರಿ ಮುತ್ತಜ್ಜಿಯ ಕಲ್ಲಿನ ಕಡೆಗೆ ಮತ್ತೆ ಹೋಗಲಿಲ್ಲ. ಮಾರಲು ಹೋಗುವಾಗಲೂ ಸುತ್ತು ಬಳಸಿ ಬೇರೆ ದಾರಿಯಲ್ಲಿ ಹೋಗುತ್ತಿದ್ದ.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು. ಮುಂದೇನೋ ಇದೆಯೆಂದು ಶಿಷ್ಯ ಕಾದು ನೋಡಿದ. ಗುರು ಹೇಳುವ ಹಾಗೆ ಕಾಣಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಗಾಣದ ಮನೆಗೆ ಆ ಹೆಪ್ಪು ಕೊಟ್ಟವರು ಯಾರು? ಕೊನೆಗೂ ಗೊತ್ತಾಯಿತೆ?"

ಗುರು ಅವನನ್ನೇ ನೋಡಿದರು.

"ಬಾಳವ್ವ ಉತ್ತರ ಕೊಡದೆ ಸತ್ತದ್ದು ಇದೇ ಪ್ರಶ್ನೆಗೆ."